ಪೈಯೂಟ್ ಬುಟ್ಟಿ: ಚಿತ್ತಾರಕ್ಕಿಂತ ಮೊದಲು ಸೀಳು ನೋಡಿ

ಅಮೆರಿಕದ ಮೂಲನಿವಾಸಿಗಳಾದ ಪೈಯೂಟ್ ಜನರ ಬುಟ್ಟಿ ಕೈಗೆ ಬಂದರೆ ಎಲ್ಲರ ಕಣ್ಣೂ ಕೆಂಪು, ಕಪ್ಪು ಚಿತ್ತಾರದ ಮೇಲೇ ಹೋಗುತ್ತದೆ. ನಾನು ಮೊದಲು ನೋಡುವುದು ಚಿತ್ತಾರವಿಲ್ಲದ ಬಿಳಿ ಜಾಗವನ್ನು. ಅಲ್ಲಿ ಸೀಳುಗಳು, ಅಂದರೆ ವಿಲ್ಲೋ ಗಿಡದ ಕಡ್ಡಿಯನ್ನು ಸೀಳಿ ತೆಗೆದ ಎಳೆಗಳು, ಬುಡದಿಂದ ಅಂಚಿನವರೆಗೆ ಒಂದೇ ಅಗಲಕ್ಕೆ ಕೂತಿದ್ದರೆ, ಹೆಣೆದವಳ ಕೈ ಎಂಥದ್ದೆಂದು ಬೇರೆ ಹೇಳಬೇಕಿಲ್ಲ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನ ಪೂರ್ವಕ್ಕಿರುವ ಮೋನೋ ಸರೋವರದ ಸುತ್ತಲಿನ ಪೈಯೂಟ್ ಹೆಂಗಸರು ವಿಲ್ಲೋ ಕಡ್ಡಿಯನ್ನು ಎಲೆ ಉದುರಿದ ಮೇಲೆ ಕೊಯ್ಯುತ್ತಾರೆ. ಒಂದೇ ವರ್ಷದ, ನೆಟ್ಟಗಿನ, ಕವಲೊಡೆಯದ ಕಡ್ಡಿಯೇ ಬೇಕು. ಕವಲಿದ್ದ ಕಡೆ ಸೀಳಿನಲ್ಲಿ ತೂತು ಬೀಳುತ್ತದೆ, ಎಳೆಯುವಾಗ ಅಲ್ಲೇ ತುಂಡಾಗುತ್ತದೆ. ಕಡ್ಡಿಯ ತುದಿಯನ್ನು ಮೂರಾಗಿ ಬಿಡಿಸಿ, ಒಂದು ಎಳೆಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದೆರಡನ್ನು ಎರಡು ಕೈಯಲ್ಲಿ ಹಿಡಿದು ಒಂದೇ ಬಿಗಿಯಲ್ಲಿ ಎಳೆಯಬೇಕು. ಒಂದು ಎಳೆ ತೆಳ್ಳಗಾಗುತ್ತಾ ಹೋದರೆ ದಪ್ಪನೆಯ ಎಳೆಯನ್ನು ಹೆಚ್ಚು ಬಾಗಿಸಬೇಕು, ಆಗ ಸೀಳುವ ಗೆರೆ ಮತ್ತೆ ನಡುವಿಗೆ ಬರುತ್ತದೆ. ಆಮೇಲೆ ಒಳಗಿನ ತಿರುಳನ್ನೂ ಹೊರಗಿನ ಸಿಪ್ಪೆಯನ್ನೂ ತೆಗೆದು, ಸುರುಳಿ ಸುತ್ತಿ ಒಣಗಲು ಬಿಡುತ್ತಾರೆ. ಡಬ್ಬಿಯ ತಗಡಿನ ಮುಚ್ಚಳದಲ್ಲಿ ಮೊಳೆಯಿಂದ ತೂತು ಹೊಡೆದು, ಅದರೊಳಗಿಂದ ಎಳೆದು ಗಾತ್ರ ಸರಿಪಡಿಸುವುದೂ ಉಂಟು. ಹಸಿ ಸೀಳನ್ನೇ ಹೆಣೆದರೆ ಒಣಗಿದಾಗ ಕುಗ್ಗಿ ಹೊಲಿಗೆ ಸಡಿಲವಾಗುತ್ತದೆ. ಅದಕ್ಕೇ ಪೂರ್ತಿ ಒಣಗಿಸಿ, ಹೆಣೆಯುವ ಮುಂಚೆ ಮತ್ತೆ ನೆನೆಸುವುದು. ಹೆಣಿಗೆಗಿಂತ ಈ ತಯಾರಿಯೇ ದೊಡ್ಡ ಕೆಲಸ. ನೋಡುಗರ ಕಣ್ಣಿಗೆ ಬೀಳದಿರುವುದೂ ಇದೇ.

ಸಂಗ್ರಾಹಕರು ಅರಸುವ ಅಲಂಕಾರದ ಬುಟ್ಟಿಗಳು ಬಹುಪಾಲು ಸುರುಳಿ ಹೆಣಿಗೆಯವು. ಮೂರು ಕಡ್ಡಿ ಸೇರಿಸಿದ ಸುರುಳಿ ಒಳಗೆ, ಅದನ್ನು ಸುತ್ತಿ ಕೆಳಗಿನ ಸುರುಳಿಗೆ ಬಿಗಿಯುವ ಸೀಳು ಹೊರಗೆ, ಪ್ರತಿ ಹೊಲಿಗೆಗೂ ದಬ್ಬಳದಿಂದ ಒಂದು ತೂತು. ಹೊಲಿಗೆಗಳನ್ನು ಒಂದು ಇಂಚಿನಲ್ಲಿ ಎಣಿಸಿ. ಬುಡ, ನಡು, ಅಂಚು ಮೂರೂ ಕಡೆ. ಲೆಕ್ಕ ಹೆಚ್ಚಿರುವುದಕ್ಕಿಂತ ಮೂರೂ ಕಡೆ ಹತ್ತಿರ ಹತ್ತಿರ ಇರುವುದು ದೊಡ್ಡದು. ಬಳಕೆಯ ಹೊರೆಬುಟ್ಟಿ, ಕೇರುವ ಮೊರಗಳು ಬೇರೆ ಜಾತಿ. ಅವುಗಳಲ್ಲಿ ಎರಡು ಎಳೆಗಳನ್ನು ಕಡ್ಡಿಗಳ ನಡುವೆ ತಿರುಚುತ್ತಾ ಹೋಗುವ ಹೆಣಿಗೆ. ಅವನ್ನು ಈ ಲೆಕ್ಕದಿಂದ ಅಳೆಯಬಾರದು.

ಕೆಂಪು ಬರುವುದು ರೆಡ್‌ಬಡ್ ಗಿಡದ ಸಿಪ್ಪೆಯಿಂದ. ಅದು ಬೆಟ್ಟಸಾಲಿನ ಪಶ್ಚಿಮದ ಗಿಡವಾದ್ದರಿಂದ ಪೂರ್ವದವರಿಗೆ ವಿನಿಮಯದಲ್ಲೇ ಸಿಗುತ್ತಿತ್ತು. ಕಪ್ಪು, ಬ್ರಾಕನ್ ಜರೀಗಿಡದ ಬೇರಿನದು. ಕೆಸರಿನಲ್ಲಿ ಹೂತೋ ಕಬ್ಬಿಣದ ಜೊತೆ ನೆನೆಸಿಯೋ ಗಾಢಗೊಳಿಸಿದ್ದು. ಹಳೆಯ ಬುಟ್ಟಿಗಳಲ್ಲಿ ಮೊದಲು ಪುಡಿಯಾಗುವುದು ಈ ಕಪ್ಪು ಎಳೆಗಳೇ, ಆದ್ದರಿಂದ ಚಿತ್ತಾರದ ಕಪ್ಪು ಭಾಗವನ್ನು ಉಜ್ಜಲೇಬಾರದು. ಒಳಮೈ ಹೊರಮೈಗಳ ಕೆಂಪನ್ನು ಹೋಲಿಸಿದರೆ ಬುಟ್ಟಿ ಎಷ್ಟು ಬಿಸಿಲು ಕಂಡಿದೆ ಎಂದು ತಿಳಿಯುತ್ತದೆ.

1916ರಿಂದ 1929ರವರೆಗೆ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ನಡೆದ ಇಂಡಿಯನ್ ಫೀಲ್ಡ್ ಡೇಸ್ ಎಂಬ ಉತ್ಸವದ ಬುಟ್ಟಿ ಸ್ಪರ್ಧೆಗಳು, ಜೊತೆಗೆ ಪ್ರವಾಸಿಗರ ಬೇಡಿಕೆ, ಈ ಕಲೆಯನ್ನು ಬೇರೆಯೇ ಎತ್ತರಕ್ಕೆ ಒಯ್ದವು. ಲೂಸಿ ಟೆಲ್ಲೆಸ್, ಕ್ಯಾರಿ ಬೆಥೆಲ್, ಅಕ್ಕತಂಗಿಯರಾದ ನೆಲ್ಲಿ ಚಾರ್ಲಿ ಮತ್ತು ಟೀನಾ ಚಾರ್ಲಿ ಆ ಕಾಲದ ದೊಡ್ಡ ಹೆಸರುಗಳು. ಟೆಲ್ಲೆಸ್ ಸುಮಾರು ಮೂರು ಅಡಿ ಅಗಲದ ಒಂದು ಬುಟ್ಟಿಗೆ ನಾಲ್ಕು ವರ್ಷ ಕೊಟ್ಟು 1933ರಲ್ಲಿ ಮುಗಿಸಿದರು. 1939ರ ಸ್ಯಾನ್ ಫ್ರಾನ್ಸಿಸ್ಕೋ ಮಹಾಪ್ರದರ್ಶನದಲ್ಲಿ ಅದನ್ನು ಇಡಲಾಗಿತ್ತು. ಈಗ ಯೊಸೆಮಿಟಿ ಮ್ಯೂಸಿಯಂನ ಸಂಗ್ರಹದಲ್ಲಿದೆ. ಅಷ್ಟು ಅಗಲದಲ್ಲಿ ಒಂದು ಸುತ್ತಿಗೆ ಸಾವಿರದಷ್ಟು ಹೊಲಿಗೆ ಬೇಕು. ಹಾಗಿದ್ದೂ ಚಿತ್ತಾರಕ್ಕೆ ಕಾಗದದ ನಕ್ಷೆಯಿಲ್ಲ, ಜಾಗದ ಹಂಚಿಕೆಯೆಲ್ಲ ತಲೆಯೊಳಗೆ.

ಚಿತ್ತಾರ ನೋಡಿ ಹೆಸರು ಅಂಟಿಸುವುದು ಸಂಗ್ರಾಹಕರು ಮತ್ತೆ ಮತ್ತೆ ಮಾಡುವ ತಪ್ಪು. ಪೈಯೂಟ್ ಮತ್ತು ನೆರೆಯ ಬುಡಕಟ್ಟುಗಳಾದ ಮಿವಾಕ್, ವಾಷೋ ಜನರ ನಡುವೆ ನೆಂಟಸ್ತಿಕೆಯಿತ್ತು, ಚಿತ್ತಾರಗಳೂ ಓಡಾಡಿದವು. ಡಾಟ್ ಸೊ ಲಾ ಲೀ ಎಂದು ಪ್ರಸಿದ್ಧಳಾದ ಹೆಣಿಗೆಗಾರ್ತಿ ಲೂಯಿಸಾ ಕೀಸರ್ ವಾಷೋ ಹೆಂಗಸು, ಪೈಯೂಟ್ ಅಲ್ಲ. ಅತ್ತ ಅರಿಜೋನಾದಲ್ಲಿ ನವಾಹೋ ಬುಡಕಟ್ಟಿನ ಮದುವೆ ಬುಟ್ಟಿ ಎಂದು ಮಾರಾಟವಾಗುವ ಹಲವು ಬುಟ್ಟಿಗಳನ್ನು ಹೆಣೆದವರು ಸ್ಯಾನ್ ವಾನ್ ಪೈಯೂಟರು. ಹಳೆಯ ಚೀಟಿ, ಫೋಟೋ, ಮಾರಾಟದ ಪಟ್ಟಿ ಏನಿದ್ದರೂ ಬುಟ್ಟಿಯಿಂದ ಅಗಲಿಸಬೇಡಿ.

ಅಂಚು ಹಿಡಿದು ಎತ್ತಬೇಡಿ, ಎರಡೂ ಕೈಯಿಂದ ಬುಡಕ್ಕೆ ಆಸರೆ ಕೊಡಿ. ಗೋಡೆಯ ಮೊಳೆಗೆ ನೇತುಹಾಕಿದರೆ ಇಡೀ ಭಾರ ನಾಲ್ಕಾರು ಹೊಲಿಗೆಗಳ ಮೇಲೆ ಬಿದ್ದು ಅವು ಹರಿಯುತ್ತವೆ. ಎಣ್ಣೆ, ವಾರ್ನಿಷ್ ಬೇಡವೇ ಬೇಡ. ಬೆಳಕು 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಮೀರದಿರಲಿ, ತೇವಾಂಶ ಶೇ. 50ರ ಆಸುಪಾಸಿನಲ್ಲಿ ಏರಿಳಿತವಿಲ್ಲದೆ ಇರಲಿ. ಬುಟ್ಟಿಯ ಕೆಳಗೆ ಸಣ್ಣ ಪುಡಿ ಬಿದ್ದಿದ್ದರೆ ಹುಳು ಒಳಗಿರಬಹುದು. ಆಗ ಬುಟ್ಟಿಯನ್ನು ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ −20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ ಒಂದು ವಾರ ಇಡಬೇಕು. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಸೀಳಿನ ಮೇಲೆ ನೀರು ಕೂರುತ್ತದೆ. ಗಾಜಿನ ಮಣಿ ಹೊದಿಸಿದ ಬುಟ್ಟಿ, ಪಿನ್ಯಾನ್ ಪೈನ್ ಮರದ ಅಂಟು ಬಳಿದ ನೀರಿನ ಬುಟ್ಟಿಗಳನ್ನು ಮಾತ್ರ ಹಳೆಯ ವಸ್ತುಗಳ ಸಂರಕ್ಷಣಾ ತಜ್ಞರಿಗೇ ಒಪ್ಪಿಸಿ. ಅಂಟು ಬಿಸಿಲಿಗೆ ಮೆತ್ತಗಾಗುತ್ತದೆ, ಹಾಗಾಗಿ ನಿಲ್ಲಿಸಿದ ಕಾರಿನಲ್ಲಿ ಬಿಡಲೇಬಾರದು.

ಹೊಸದನ್ನು ಕೊಳ್ಳುವವರು ಇಂದಿನ ಹೆಣಿಗೆಗಾರ್ತಿಯರಿಂದಲೇ ಕೊಳ್ಳಲಿ ಎಂಬುದು ನನ್ನ ಬಲವಾದ ಆಸೆ. ಅಮೆರಿಕದ 1990ರ ಇಂಡಿಯನ್ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಕಾಯ್ದೆಯ ಪ್ರಕಾರ, ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರುವುದು ಅಪರಾಧ. ಹೆಣೆದವರ ಹೆಸರು, ಬುಡಕಟ್ಟು, ಊರು, ಬಳಸಿದ ಗಿಡಗಳು, ಕೊಯ್ದ ಋತು ಇಷ್ಟನ್ನೂ ಕೇಳಿ ಬರೆದುಕೊಳ್ಳಿ. ಆ ಚೀಟಿಯನ್ನು ಅಂಟಿಸಬೇಡಿ, ಹತ್ತಿ ದಾರದಲ್ಲಿ ಸಡಿಲವಾಗಿ ಕಟ್ಟಿ.