ಟೆಡ್ ಥಾಂಪ್ಸನ್ ಕಟ್ಟಿದ ತಂಡದ ಲೆಕ್ಕ

2018ರ ಜನವರಿಯಲ್ಲಿ ಅಮೆರಿಕದ ಫುಟ್‌ಬಾಲ್ ತಂಡ ಗ್ರೀನ್ ಬೇ ಪ್ಯಾಕರ್ಸ್ ತನ್ನ ಜನರಲ್ ಮ್ಯಾನೇಜರ್ ಟೆಡ್ ಥಾಂಪ್ಸನ್ ಅವರನ್ನು ಸಲಹೆಗಾರರ ಹುದ್ದೆಗೆ ಸರಿಸಿತು. 13 ವರ್ಷ ತಂಡಕ್ಕೆ ಆಟಗಾರರನ್ನು ಆರಿಸಿದ್ದು ಅವರೇ. ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಒಂದು ಸಲ ಗೆದ್ದಿದ್ದರು. 2009ರಿಂದ 2016ರವರೆಗೆ ಒಂದು ವರ್ಷವೂ ಪ್ಲೇಆಫ್ (ಕೊನೆಯ ನಾಕೌಟ್ ಹಂತ) ತಪ್ಪಿರಲಿಲ್ಲ. ಆದರೂ ಅವರು ಹೋಗಿದ್ದಕ್ಕೆ ಸಮಾಧಾನದ ನಿಟ್ಟುಸಿರು ಬಿಟ್ಟ ಅಭಿಮಾನಿಗಳು ಕಮ್ಮಿಯೇನಲ್ಲ.

ಇದು ಅಮೆರಿಕನ್ ಫುಟ್‌ಬಾಲ್. ಜೇಬು ತುಂಬಿದೆ ಅಂತ ಬೇಕಾದವರನ್ನೆಲ್ಲ ಇಲ್ಲಿ ಕೊಳ್ಳುವ ಹಾಗಿಲ್ಲ. 1994ರಿಂದ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. ಕಾಲೇಜಿನಿಂದ ಬರುವ ಹುಡುಗರನ್ನು ವರ್ಷಕ್ಕೊಮ್ಮೆ ಡ್ರಾಫ್ಟ್‌ನಲ್ಲಿ ಏಳು ಸುತ್ತು ಆರಿಸುತ್ತಾರೆ, ಹಿಂದಿನ ವರ್ಷ ಜಾಸ್ತಿ ಸೋತವರಿಗೆ ಮೊದಲ ಸರದಿ. ಹಾಗಾಗಿ ಯಾರನ್ನು ಆರಿಸಬೇಕು, ಯಾರನ್ನು ಬಿಡಬೇಕು ಅನ್ನೋದೇ ಜನರಲ್ ಮ್ಯಾನೇಜರ್ ಕೆಲಸ. ಪ್ಯಾಕರ್ಸ್‌ಗೆ ಒಬ್ಬ ಮಾಲೀಕ ಅಂತಲೂ ಇಲ್ಲ, ಷೇರುಗಳು ಸಾರ್ವಜನಿಕರ ಕೈಯಲ್ಲಿವೆ. ಬೈಯೋದಕ್ಕೂ ಹೊಗಳೋದಕ್ಕೂ ಸಿಗುತ್ತಿದ್ದವರು ಥಾಂಪ್ಸನ್ ಒಬ್ಬರೇ.

2005ರಲ್ಲಿ ಅವರ ಮೊದಲ ಡ್ರಾಫ್ಟ್. ಮೊದಲನೆಯವನಾಗಿಯೇ ಹೋಗಬಹುದು ಅಂದುಕೊಂಡಿದ್ದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಆರನ್ ರಾಜರ್ಸ್ ನ್ಯೂಯಾರ್ಕಿನಲ್ಲಿ ಕಾಯುತ್ತಾ ಕೂತಿದ್ದರು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರೆ, ಟಿವಿ ಕ್ಯಾಮೆರಾ ಮತ್ತೆ ಮತ್ತೆ ಈ ಹುಡುಗನ ಮುಖಕ್ಕೇ ಬರುತ್ತಿತ್ತು. 24ನೆಯವರಾಗಿ ಥಾಂಪ್ಸನ್ ಕರೆದರು. ಪ್ಯಾಕರ್ಸ್‌ನಲ್ಲಿ ಆಗ ಕ್ವಾರ್ಟರ್‌ಬ್ಯಾಕ್ ಆಗಿ ಬ್ರೆಟ್ ಫಾವ್ರ್ ಇದ್ದರು, ಊರಿಗೇ ದೇವರು. ರಾಜರ್ಸ್ ಮೂರು ವರ್ಷ ಬೆಂಚು ಕಾದರು. 2008ರ ಮಾರ್ಚ್‌ನಲ್ಲಿ ನಿವೃತ್ತಿ ಹೇಳಿದ ಫಾವ್ರ್, ಬೇಸಿಗೆಯಲ್ಲಿ ವಾಪಸ್ ಬರುತ್ತೇನೆ ಎಂದಾಗ ಥಾಂಪ್ಸನ್ ಅವರನ್ನು ಜೆಟ್ಸ್ ತಂಡಕ್ಕೆ ಕಳಿಸಿಬಿಟ್ಟರು. ಆ ವರ್ಷ ತಂಡ 6 ಗೆದ್ದು 10 ಸೋತಿತು. ಆಗಲೇ ತೀರ್ಪು ಕೊಟ್ಟಿದ್ದರೆ ಥಾಂಪ್ಸನ್ ಕಥೆ ಮುಗಿದಿತ್ತು. 2011ರ ಫೆಬ್ರವರಿಯಲ್ಲಿ ಅದೇ ರಾಜರ್ಸ್ ಸ್ಟೀಲರ್ಸ್ ವಿರುದ್ಧ 31-25ರಿಂದ ಸೂಪರ್ ಬೌಲ್ ಗೆಲ್ಲಿಸಿದರು. ಆ ತಂಡದಲ್ಲಿ ಟ್ರಾಮನ್ ವಿಲಿಯಮ್ಸ್, ಸ್ಯಾಮ್ ಶೀಲ್ಡ್ಸ್ ಥರದ, ಡ್ರಾಫ್ಟ್‌ನಲ್ಲಿ ಯಾರೂ ಕೇಳದೇ ಉಳಿದಿದ್ದವರೂ ಇದ್ದರು.

ನನ್ನ ತಕರಾರು ಶುರುವಾಗೋದು ಆಮೇಲಿನ ವರ್ಷಗಳಲ್ಲಿ. ಡೆರೆಕ್ ಶೆರಾಡ್, ಡೇಟೋನ್ ಜೋನ್ಸ್, ಡಮಾರಿಯಸ್ ರ‍್ಯಾಂಡಲ್: ಮೊದಲ ಸುತ್ತಿನ ಇವರ್ಯಾರೂ ತಂಡದ ಕಂಬವಾಗಲಿಲ್ಲ. ಅದು ಹೋಗಲಿ, ಡ್ರಾಫ್ಟ್‌ನಲ್ಲಿ ಎಲ್ಲರೂ ಎಡವುತ್ತಾರೆ. ಚೆನ್ನಾಗಿ ಆರಿಸಿದವರನ್ನೇ ಬಿಟ್ಟುಕೊಟ್ಟಿದ್ದು ದೊಡ್ಡ ತಪ್ಪು. 2016ರಲ್ಲಿ ಕೇಸಿ ಹೇವರ್ಡ್ ಚಾರ್ಜರ್ಸ್ ತಂಡಕ್ಕೆ ಹೋಗಿ ಅದೇ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು, 7 ಇಂಟರ್‌ಸೆಪ್ಷನ್ (ಎದುರಾಳಿ ಎಸೆದ ಪಾಸ್) ಹಿಡಿದರು. ಮರುವರ್ಷ ಮೈಕಾ ಹೈಡ್ ಬಿಲ್ಸ್ ತಂಡ ಸೇರಿದರು. ಹೊರಗಿನಿಂದ ದುಡ್ಡು ಕೊಟ್ಟು ತರೋದು ಥಾಂಪ್ಸನ್‌ಗೆ ಒಗ್ಗದ ಮಾತು. 2006ರಲ್ಲಿ ಹಾಗೆ ತಂದ ಚಾರ್ಲ್ಸ್ ವುಡ್ಸನ್ 2009ರಲ್ಲಿ ವರ್ಷದ ರಕ್ಷಣಾ ಆಟಗಾರನಾಗಿದ್ದರೂ ಆ ದಾರಿಯನ್ನು ಅವರು ಅಪರೂಪಕ್ಕೆ ಹಿಡಿದರು.

ಈ ತೂತುಗಳೆಲ್ಲ ಕಾಣಲಿಲ್ಲ ಯಾಕೆ ಅಂದರೆ, ರಾಜರ್ಸ್ ಗೆಲ್ಲಿಸುತ್ತಲೇ ಇದ್ದರು. 2017ರ ಅಕ್ಟೋಬರ್‌ನಲ್ಲಿ ಅವರ ಕಾಲರ್‌ಬೋನ್ ಮುರಿಯಿತು. ಬದಲಿ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಹಂಡ್ಲಿ ಶುರು ಮಾಡಿದ 9 ಪಂದ್ಯಗಳಲ್ಲಿ ಗೆದ್ದಿದ್ದು 3. ಎಂಟು ವರ್ಷದ ಪ್ಲೇಆಫ್ ಸರಣಿ ಅಲ್ಲಿಗೆ ನಿಂತಿತು.

ಹಾಗಂತ ಥಾಂಪ್ಸನ್ ಅವರನ್ನು ತಳ್ಳಿಹಾಕಿಬಿಡೋದೂ ಸರಿಯಲ್ಲ. ನಂತರ ಬಂದ ಬ್ರಯಾನ್ ಗುಟೆಕುನ್ಸ್ಟ್ 2019ರಲ್ಲಿ ಥಾಂಪ್ಸನ್ ಮಾಡದ್ದನ್ನೇ ಮಾಡಿದರು: ಜಡೇರಿಯಸ್ ಸ್ಮಿತ್, ಪ್ರೆಸ್ಟನ್ ಸ್ಮಿತ್, ಏಡ್ರಿಯನ್ ಏಮಸ್, ಬಿಲ್ಲಿ ಟರ್ನರ್ ನಾಲ್ವರನ್ನೂ ಹೊರಗಿನಿಂದ ತಂದರು. ತಂಡ 13 ಗೆದ್ದು 3 ಸೋತಿತು. ಹೊಗಳಿಕೆಯೆಲ್ಲ ಗುಟೆಕುನ್ಸ್ಟ್‌ಗೆ ಹೋಯಿತು. ಆದರೆ ಆ ತಂಡದಲ್ಲಿ ರಾಜರ್ಸ್ ಪಾಸ್ ಹಿಡಿಯುತ್ತಿದ್ದ ದವಾಂಟೆ ಆಡಮ್ಸ್ 2014ರ ಎರಡನೇ ಸುತ್ತಿನವರು. ರಾಜರ್ಸ್ ಎಡಬದಿ ಕಾಯುತ್ತಿದ್ದ ಡೇವಿಡ್ ಬಕ್ತಿಯಾರಿ 2013ರ ನಾಲ್ಕನೇ ಸುತ್ತಿನವರು. ಚೆಂಡು ಹಿಡಿದು ಓಡುತ್ತಿದ್ದ ಆರನ್ ಜೋನ್ಸ್ 2017ರ ಐದನೇ ಸುತ್ತಿನವರು, ಮಧ್ಯದಲ್ಲಿ ಗೋಡೆಯಂತೆ ನಿಂತ ಕೆನಿ ಕ್ಲಾರ್ಕ್ 2016ರವರು. ನಾಲ್ವರೂ ಥಾಂಪ್ಸನ್ ಆರಿಸಿದವರೇ.