ಎಚ್3 ಆಂಟಿಬಾಡಿ ಗುರುತು ತಪ್ಪುವ ಜಾಗ

ಫ್ರೀಜರಿನಿಂದ ತೆಗೆದ ಪುಟ್ಟ ಟ್ಯೂಬಿನಲ್ಲಿ 100 ಮೈಕ್ರೋಲೀಟರ್ ದ್ರವ ಇದೆ. ಅಂದರೆ ಹೆಚ್ಚುಕಡಿಮೆ ಎರಡು ಹನಿ. ನೋಡಲು ನೀರಿನ ಹಾಗೇ ಇದೆ. ಚೀಟಿಯ ಮೇಲೆ ‘ಹಿಸ್ಟೋನ್ ಎಚ್3 ಆಂಟಿಬಾಡಿ, ಮೊಲ’ ಎಂದಿದೆ. ಅಂದರೆ ಹಿಸ್ಟೋನ್ ಎಚ್3 ಎಂಬ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ, ಮೊಲದ ದೇಹ ತಯಾರಿಸಿದ ಇನ್ನೊಂದು ಪ್ರೋಟೀನು.

ನಮ್ಮ ಒಂದು ಜೀವಕೋಶದ ಡಿಎನ್ಎಯನ್ನು ಬಿಡಿಸಿ ಎಳೆದರೆ ಸುಮಾರು 2 ಮೀಟರ್ ಉದ್ದ. ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ನ್ಯೂಕ್ಲಿಯಸ್ಸಿನೊಳಗೆ ಹಿಡಿಸಬೇಕು. ಅದಕ್ಕೇ ಹಿಸ್ಟೋನ್‌ಗಳು ಬೇಕು. ಎಚ್2ಎ, ಎಚ್2ಬಿ, ಎಚ್3, ಎಚ್4 ಪ್ರೋಟೀನುಗಳು ಎರಡೆರಡು ಸೇರಿ ಒಂದು ಉಂಡೆಯಾಗುತ್ತವೆ. ಅದರ ಸುತ್ತ ಡಿಎನ್ಎಯ 147 ಅಕ್ಷರಜೋಡಿಗಳು ಎರಡು ಸುತ್ತಿಗೆ ಸ್ವಲ್ಪ ಕಮ್ಮಿ ಸುತ್ತಿಕೊಳ್ಳುತ್ತವೆ. 1884ರಲ್ಲಿ ಆಲ್ಬ್ರೆಕ್ಟ್ ಕೊಸೆಲ್ ಹಿಸ್ಟೋನನ್ನು ಮೊದಲು ಬೇರ್ಪಡಿಸಿದ್ದು ಹೆಬ್ಬಾತಿನ ರಕ್ತದಿಂದ. ನಮ್ಮ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಹಕ್ಕಿಗಳದ್ದರಲ್ಲಿ ಇದೆ.

ಹಿಸ್ಟೋನ್‌ಗಳು ವಿಕಾಸದ ದಾರಿಯಲ್ಲಿ ಬದಲಾಗಿದ್ದು ತೀರಾ ಕಮ್ಮಿ. ಬಟಾಣಿ ಗಿಡದ ಎಚ್4ಕ್ಕೂ ಹಸುವಿನ ಕರುವಿನ ಎಚ್4ಕ್ಕೂ ಪ್ರೋಟೀನಿನ ಸರದ ಮಣಿಗಳಾದ 102 ಅಮೈನೋ ಆಮ್ಲಗಳಲ್ಲಿ ಬರೀ ಎರಡು ಕಡೆ ವ್ಯತ್ಯಾಸ! ಹಾಗಾಗಿ ಒಂದೇ ಎಚ್3 ಆಂಟಿಬಾಡಿ ಮನುಷ್ಯನಲ್ಲೂ ಇಲಿಯಲ್ಲೂ ಕೋಳಿಯಲ್ಲೂ ಕೆಲಸ ಮಾಡಬಲ್ಲದು. ತೊಂದರೆಯೂ ಇಲ್ಲೇ ಇದೆ. ಮೊಲಕ್ಕೆ ಎಚ್3 ಚುಚ್ಚಿದರೆ ಅದರ ದೇಹಕ್ಕೆ ಅದು ತನ್ನದೇ ಪ್ರೋಟೀನು, ಆಂಟಿಬಾಡಿ ತಯಾರಿಸದೆ ದೇಹ ಸುಮ್ನೆ ಇದ್ದುಬಿಡುತ್ತದೆ. ಅದಕ್ಕೆ ಎಚ್3ರ ಒಂದು ಚಿಕ್ಕ ತುಂಡನ್ನು ಪೂರ್ತಿ ಪರಕೀಯವಾದ ಇನ್ನೊಂದು ದೊಡ್ಡ ಪ್ರೋಟೀನಿಗೆ ಅಂಟಿಸಿ ಕೊಡುತ್ತಾರೆ.

ಈಗ ಪರೀಕ್ಷೆ. ಕೋಶಗಳನ್ನು ಆಮ್ಲದಲ್ಲಿ ಕಲಕಿದರೆ ಕ್ಷಾರ ಗುಣದ ಹಿಸ್ಟೋನ್‌ಗಳು ಕರಗಿ ಬರುತ್ತವೆ, ಡಿಎನ್ಎ ಹಿಂದೆ ಉಳಿಯುತ್ತದೆ. ಅವನ್ನು ಗಾತ್ರದ ಪ್ರಕಾರ ಬೇರೆಯಾಗುವಂತೆ ಜೆಲ್‌ನಲ್ಲಿ ಓಡಿಸಿ ಬಿಳಿ ಹಾಳೆಯಂಥ ಪೊರೆಗೆ ಇಳಿಸಬೇಕು. ಎಚ್3 ಎಷ್ಟು ಚಿಕ್ಕದೆಂದರೆ ಪೊರೆಯ ರಂಧ್ರ ದೊಡ್ಡದಾದರೆ ತೂರಿ ಹೋಗಿಬಿಡುತ್ತದೆ. ಆಮೇಲೆ ಪೊರೆಯನ್ನು ಕೆನೆ ತೆಗೆದ ಹಾಲಿನ ಪುಡಿ ಕದಡಿದ ನೀರಿನಲ್ಲಿ ಒಂದು ಗಂಟೆ ನೆನೆಹಾಕುತ್ತಾರೆ. ಹೌದು, ಹಾಲಿನ ಪುಡಿಯೇ. ಖಾಲಿ ಜಾಗಗಳಲ್ಲಿ ಹಾಲಿನ ಪ್ರೋಟೀನು ಕೂತರೆ ಆಂಟಿಬಾಡಿ ಅಲ್ಲೆಲ್ಲ ಅಂಟುವುದಿಲ್ಲ. ರಾತ್ರಿಯಿಡೀ ಆಂಟಿಬಾಡಿಯ ಜೊತೆ ತಣ್ಣಗೆ ಇಟ್ಟು, ಬೆಳಿಗ್ಗೆ ತೊಳೆದು, ಮೊದಲನೆಯದಕ್ಕೆ ಅಂಟಿ ಬೆಳಕು ಹೊಮ್ಮಿಸುವ ಎರಡನೇ ಆಂಟಿಬಾಡಿ ಹಾಕಿದರೆ, ಆ ಬೆಳಕು ಬಿದ್ದ ಫಿಲ್ಮಿನಲ್ಲಿ ಕೆಳಗಡೆ ಒಂದು ಕಪ್ಪು ಪಟ್ಟಿ ಮೂಡುತ್ತದೆ.

ಆ ಪಟ್ಟಿಯನ್ನು ಎಷ್ಟು ನಂಬಬಹುದು? ‘ಎಚ್3 ಇದೆಯಾ’ ಎಂದಷ್ಟೇ ಕೇಳಿದರೆ ಸಾಕಷ್ಟು ನಂಬಬಹುದು. ಆದರೆ ಉಂಡೆಯಿಂದ ಹೊರಗೆ ಚಾಚಿದ ಎಚ್3ರ ಬಾಲದ ಮೇಲೆ ರಾಸಾಯನಿಕ ಗುರುತುಗಳಿರುತ್ತವೆ. 9ನೇ ಜಾಗದಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲಕ್ಕೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಮೂರು ಸೇರಿದರೆ ಒಂದು ಅರ್ಥ, 27ನೇ ಜಾಗದ ಲೈಸೀನಿಗೆ ಸೇರಿದರೆ ಇನ್ನೊಂದು. ಎರಡೂ ಜೀನುಗಳನ್ನು ಸುಮ್ಮನಿರಿಸುತ್ತವೆ, ಆದರೆ ಬೇರೆ ಬೇರೆ ಜೀನುಗಳನ್ನು. ಆಂಟಿಬಾಡಿ ಹಿಡಿಯುವುದು ಕೆಲವೇ ಅಮೈನೋ ಆಮ್ಲಗಳನ್ನು. ಎರಡೂ ಕಡೆ ಇರುವ ಸಾಲು ಒಂದೇ: ಅಲನೀನ್, ಆರ್ಜಿನೀನ್, ಲೈಸೀನ್, ಸೀರೀನ್. 9ಕ್ಕೆಂದು ಮಾಡಿದ ಆಂಟಿಬಾಡಿ 27ಕ್ಕೂ ಅಂಟಿಬಿಡಬಹುದು. ಪಟ್ಟಿ ನೋಡಿದರೆ ಗೊತ್ತಾಗುತ್ತದಾ? ಇಲ್ಲ. ಎರಡೂ ಗುರುತು ಒಂದೇ ಎಚ್3ರ ಮೇಲಿರುವುದರಿಂದ ಪಟ್ಟಿ ಅದೇ ಜಾಗದಲ್ಲಿ, ಅಷ್ಟೇ ಚೆಂದವಾಗಿ ಬರುತ್ತದೆ. ನನಗೆ ಇಡೀ ವಿಷಯದಲ್ಲಿ ಆತಂಕ ಹುಟ್ಟಿಸುವುದು ಇದೇ.

2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥ 200ಕ್ಕೂ ಹೆಚ್ಚು ಆಂಟಿಬಾಡಿಗಳನ್ನು ಪರೀಕ್ಷಿಸಿದಾಗ ಕಾಲು ಭಾಗಕ್ಕಿಂತ ಜಾಸ್ತಿ ನಪಾಸಾದವು. ಪರಿಹಾರ ಇದೆ. ಗುರುತಿರುವ ಮತ್ತು ಇಲ್ಲದ ಕೃತಕ ತುಂಡುಗಳನ್ನು ಪೊರೆಯ ಮೇಲೆ ಚುಕ್ಕೆಗಳಾಗಿ ಇಟ್ಟು ಯಾವುದಕ್ಕೆ ಅಂಟುತ್ತದೆ ನೋಡಬಹುದು. ಆ ಗುರುತು ಹಾಕುವ ಕಿಣ್ವವನ್ನೇ ತೆಗೆದ ಕೋಶಗಳಲ್ಲಿ ಪಟ್ಟಿ ಮಾಯವಾಗುತ್ತದಾ ನೋಡಬಹುದು. ಎರಡನೆಯದು ಕಷ್ಟದ ಕೆಲಸ, ಆದರೆ ನಾನು ಜಾಸ್ತಿ ನಂಬುವುದು ಅದನ್ನೇ.

ಮಕ್ಕಳ ಒಂದು ಬಗೆಯ ಮಿದುಳು ಗೆಡ್ಡೆಯಲ್ಲಿ ಎಚ್3ರ ಇದೇ 27ನೇ ಜಾಗದಲ್ಲಿ ಲೈಸೀನ್ ಬದಲಾಗಿ ಮೆಥಿಯೋನೀನ್ ಎಂಬ ಬೇರೆ ಅಮೈನೋ ಆಮ್ಲ ಬಂದಿರುತ್ತದೆ. ಆಗ ಗೆಡ್ಡೆಯ ಕೋಶಗಳಲ್ಲಿ ಅಲ್ಲಿನ ಮೂರು-ಮೀಥೈಲ್ ಗುರುತು ಬಹುಪಾಲು ಅಳಿಸಿಹೋಗುತ್ತದೆ. ಪೆಥಾಲಜಿ ವೈದ್ಯರು ಗೆಡ್ಡೆಯ ತೆಳು ಚೂರಿಗೆ ಈ ಗುರುತನ್ನು ಹಿಡಿಯುವ ಆಂಟಿಬಾಡಿ ಹಾಕುತ್ತಾರೆ. ಗುರುತಿದ್ದ ನ್ಯೂಕ್ಲಿಯಸ್ ಕಂದು, ಇಲ್ಲದ್ದು ನೀಲಿ. ಅವರು ಗೆಡ್ಡೆಯ ಜೊತೆಗೆ ಅದರ ನಡುವೆ ಹಾದುಹೋಗುವ ರಕ್ತನಾಳದ ಆರೋಗ್ಯವಂತ ಕೋಶಗಳನ್ನೂ ನೋಡುತ್ತಾರೆ. ಅವು ಕಂದಾಗಿದ್ದರೆ ಆಂಟಿಬಾಡಿ ತನ್ನ ಕೆಲಸ ಮಾಡಿದೆ. ಆಗ ಮಾತ್ರ ಸುತ್ತಲಿನ ನೀಲಿಗೆ ಬೆಲೆ.