ವಿಶ್ವದ ತಾಪಮಾನ ಯಾರ ತಾಪಮಾನ?

ವಿಶ್ವದ ತಾಪಮಾನ ಎಷ್ಟು ಎಂದು ಖಗೋಳ ವಿಜ್ಞಾನಿಗಳನ್ನು ಕೇಳಿದರೆ ಅವರು ತಡವರಿಸದೆ 2.725 ಕೆಲ್ವಿನ್ ಎನ್ನುತ್ತಾರೆ. ನಮಗೆ ರೂಢಿಯಲ್ಲಿರುವ ಅಳತೆಯಲ್ಲಿ ಇದು ಸೊನ್ನೆಗಿಂತ ಸುಮಾರು 270.4 ಡಿಗ್ರಿ ಸೆಲ್ಸಿಯಸ್ ಕೆಳಗೆ. ಉತ್ತರ ಇಷ್ಟು ನಿಖರವಾಗಿದ್ದರೂ ಪ್ರಶ್ನೆ ವಿಚಿತ್ರವಾದದ್ದೇ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ, ಅದರ ಒಡಲು ಒಂದೂವರೆ ಕೋಟಿ ಡಿಗ್ರಿ. ಗೆಲಾಕ್ಸಿಗಳ ದೊಡ್ಡ ಗುಚ್ಛಗಳಲ್ಲಿ ಗೆಲಾಕ್ಸಿಗಳ ನಡುವೆ ಹರಡಿಕೊಂಡಿರುವ ತೆಳು ಅನಿಲ ಕೆಲವೆಡೆ ಹತ್ತು ಕೋಟಿ ಡಿಗ್ರಿಯನ್ನೂ ಮುಟ್ಟುತ್ತದೆ. ಇವನ್ನೆಲ್ಲ ಒಳಗೊಂಡ ವಿಶ್ವಕ್ಕೆ ಒಂದೇ ಒಂದು ತಾಪಮಾನ, ಅದೂ ಇನ್ನು ಕೆಳಗಿಳಿಯಲಾಗದ ನಿರಪೇಕ್ಷ ಶೂನ್ಯದ ಹೊಸ್ತಿಲಲ್ಲಿರುವಂಥದ್ದು, ಎಲ್ಲಿಂದ ಬಂತು? ಸರಾಸರಿ ತೆಗೆದರೆ ಈ ಸಂಖ್ಯೆ ಸಿಗುವುದಿಲ್ಲ. ಇದು ವಿಶ್ವದಲ್ಲಿರುವ ಯಾವ ವಸ್ತುವಿಗೂ ಸೇರಿರದೆ, ವಿಶ್ವವನ್ನೆಲ್ಲ ತುಂಬಿಕೊಂಡಿರುವ ಒಂದು ಬೆಳಕಿಗೆ ಸೇರಿದ ತಾಪಮಾನ.

ಬೆಳಕಿಗೆ ತಾಪಮಾನ ಇರಬಲ್ಲದು ಎಂಬುದು ಕಮ್ಮಾರನಿಗೆ ಎಂದಿನಿಂದಲೂ ಗೊತ್ತು. ಕುಲುಮೆಯಲ್ಲಿ ಕಾಯುತ್ತಿರುವ ಕಬ್ಬಿಣವನ್ನು ಅವನು ಮುಟ್ಟಿ ನೋಡುವುದಿಲ್ಲ. ಮಂಕು ಕೆಂಪು, ಕಿತ್ತಳೆ, ಬಿಳಿಹಳದಿ ಎಂದು ಅದರ ಬಣ್ಣ ನೋಡಿ ಕಾವನ್ನು ಅಳೆಯುತ್ತಾನೆ. ಬಿಸಿಯಾದ ಕಾಯವೊಂದು ಯಾವ ಯಾವ ತರಂಗಾಂತರದಲ್ಲಿ ಎಷ್ಟೆಷ್ಟು ವಿಕಿರಣ ಸೂಸುತ್ತದೆ ಎಂಬುದನ್ನು ನಕ್ಷೆಯಾಗಿ ಬರೆದರೆ ಗುಡ್ಡದಂಥ ಒಂದು ರೇಖೆ ಮೂಡುತ್ತದೆ. ತನ್ನ ಮೇಲೆ ಬಿದ್ದ ವಿಕಿರಣವನ್ನೆಲ್ಲ ಹೀರಿಕೊಳ್ಳುವ ಆದರ್ಶ ಕಾಯಕ್ಕೆ ಕೃಷ್ಣಕಾಯ ಎಂದು ಹೆಸರು. ಅಂಥ ಕಾಯದ ರೇಖೆ ಅದು ಕಬ್ಬಿಣದ್ದೋ ಮಣ್ಣಿನದೋ ಎಂಬುದನ್ನು ಲೆಕ್ಕಿಸದೆ ತಾಪಮಾನವೊಂದನ್ನೇ ಅವಲಂಬಿಸುತ್ತದೆ ಎಂಬುದಕ್ಕೆ ಸರಿಯಾದ ಸೂತ್ರ ಕೊಟ್ಟವರು ಮ್ಯಾಕ್ಸ್ ಪ್ಲಾಂಕ್, 1900ರಲ್ಲಿ. ಹೀಗಾಗಿ ಸೂಸಿದ ಕಾಯ ಕಣ್ಮರೆಯಾದ ಮೇಲೂ ಅದರ ಬೆಳಕು ಕೈಗೆ ಸಿಕ್ಕರೆ ತಾಪಮಾನವನ್ನು ಓದಬಹುದು. ನಮ್ಮ ವಿಷಯದಲ್ಲಿ ಆಗಿರುವುದೂ ಅದೇ. ಕುಲುಮೆ ಆರಿ 1380 ಕೋಟಿ ವರ್ಷಗಳೇ ಕಳೆದಿವೆ.

ವಿಶ್ವದ ಆರಂಭದ ಕೆಲವು ಲಕ್ಷ ವರ್ಷಗಳಲ್ಲಿ ಪ್ರೋಟಾನ್‌ಗಳೂ ಎಲೆಕ್ಟ್ರಾನ್‌ಗಳೂ ಒಂದನ್ನೊಂದು ಹಿಡಿದುಕೊಂಡು ಪರಮಾಣುವಾಗಿ ನಿಲ್ಲಲಾಗದಷ್ಟು ಶಾಖವಿತ್ತು, ಮತ್ತು ಹಾಗೆ ಬಿಡಿಯಾಗಿ ಅಲೆಯುತ್ತಿದ್ದ ಎಲೆಕ್ಟ್ರಾನ್‌ಗಳಿಗೆ ಬಡಿದು ಬಡಿದು ಬೆಳಕಿನ ಕಣಗಳಾದ ಫೋಟಾನ್‌ಗಳು ಹೆಜ್ಜೆಗೊಮ್ಮೆ ದಿಕ್ಕು ಬದಲಿಸುತ್ತಿದ್ದವು. ಮಳೆಗಾಲದಲ್ಲಿ ಘಾಟಿ ರಸ್ತೆಗೆ ಮಂಜು ಕವಿದಾಗ ಬೆಳಕಿಗೇನೂ ಬರವಿರುವುದಿಲ್ಲ, ಆದರೆ ಹತ್ತು ಮಾರು ದೂರದ ಲಾರಿ ಕಾಣುವುದಿಲ್ಲ. ಅಂದಿನ ವಿಶ್ವದ ಸ್ಥಿತಿ ಅಂಥದ್ದು. ವಿಶ್ವ ಹಿಗ್ಗುತ್ತ ತಣಿದು, ಸುಮಾರು 3,80,000 ವರ್ಷಗಳ ವಯಸ್ಸಿನಲ್ಲಿ 3,000 ಕೆಲ್ವಿನ್ ಆಸುಪಾಸಿಗೆ ಇಳಿದಾಗ ಎಲೆಕ್ಟ್ರಾನ್‌ಗಳು ಪ್ರೋಟಾನ್‌ಗಳ ಜೊತೆ ಸೇರಿ ಹೈಡ್ರೋಜನ್ ಪರಮಾಣುಗಳಾದವು, ಮಂಜು ತಿಳಿಯಾಯಿತು, ಫೋಟಾನ್‌ಗಳು ನೆಟ್ಟಗೆ ಹೊರಟವು. ಅಂದಿನಿಂದ ಇಂದಿನವರೆಗೆ ವಿಶ್ವ ಸುಮಾರು 1,090 ಪಟ್ಟು ಹಿಗ್ಗಿದೆ, ಅದರೊಡನೆ ಆ ಬೆಳಕಿನ ತರಂಗಾಂತರವೂ ಅಷ್ಟೇ ಪಟ್ಟು ಹಿಗ್ಗಿದೆ. 3,000ವನ್ನು 1,090ರಿಂದ ಭಾಗಿಸಿದರೆ 2.7ರ ಸುತ್ತ ಬರುತ್ತದೆ. ಕೆಂಪುಹಳದಿಯಾಗಿ ಹೊರಟದ್ದು ಇಂದು ಮಿಲಿಮೀಟರ್ ಅಳತೆಯ ಮೈಕ್ರೋವೇವ್ ಆಗಿದೆ. ಇದನ್ನೇ ವಿಶ್ವ ಹಿನ್ನೆಲೆ ವಿಕಿರಣ ಎನ್ನುವುದು.

ಬಾಹ್ಯಾಕಾಶದ ಪ್ರತಿ ಘನ ಸೆಂಟಿಮೀಟರಿನಲ್ಲಿ ಈ ವಿಕಿರಣದ ಸುಮಾರು 411 ಫೋಟಾನ್‌ಗಳಿವೆ. ಎಲ್ಲ ನಕ್ಷತ್ರಗಳೂ ಇದುವರೆಗೆ ಸೂಸಿದ ಫೋಟಾನ್‌ಗಳನ್ನು ಒಟ್ಟು ಹಾಕಿದರೂ ಇವುಗಳ ಸಂಖ್ಯೆಗೆ ಸರಿಗಟ್ಟುವುದಿಲ್ಲ. ಪ್ರತಿ ಪ್ರೋಟಾನು ಅಥವಾ ನ್ಯೂಟ್ರಾನಿಗೆ ನೂರು ಕೋಟಿಗೂ ಮಿಗಿಲಾದ ಫೋಟಾನ್‌ಗಳು ಎಂಬ ಲೆಕ್ಕವಿದೆ. ವಿಶ್ವದ ತಾಪಮಾನವೆಂದರೆ ಬೆಳಕಿನ ತಾಪಮಾನ ಎಂದು ಹೇಳುವುದಕ್ಕೆ ಈ ಬಹುಮತವೇ ಸಾಕು. ಗೆಲಾಕ್ಸಿಗಳಿಂದ ಬಹುದೂರದ ನಿರ್ಜನದಲ್ಲಿ ಒಂದು ಕಲ್ಲನ್ನು ಬಿಟ್ಟುಬಂದರೆ ಅದು ತಣಿದು ತಣಿದು ಕೊನೆಗೆ ಹೆಚ್ಚುಕಡಿಮೆ ಇದೇ ತಾಪಮಾನದಲ್ಲಿ ನಿಲ್ಲುತ್ತದೆ. ಇದಕ್ಕಿಂತ ತಣ್ಣಗಿನ ಜಾಗ ಇಲ್ಲವೇ ಇಲ್ಲ ಎಂದಲ್ಲ. ಸುಮಾರು 5,000 ಜ್ಯೋತಿರ್ವರ್ಷ ದೂರದ ಬೂಮರಾಂಗ್ ನೀಹಾರಿಕೆಯಲ್ಲಿ ಸಾಯುತ್ತಿರುವ ನಕ್ಷತ್ರವೊಂದು ಹೊರಚೆಲ್ಲಿದ ಅನಿಲ ರಭಸದಿಂದ ಹಿಗ್ಗಿ, ಫ್ರಿಜ್ಜಿನೊಳಗಿನ ಅನಿಲ ತಣಿಯುವ ಹಾಗೆ ತಣಿದು, ಸುಮಾರು 1 ಕೆಲ್ವಿನ್‌ಗೆ ಇಳಿದಿದೆ. ಸುತ್ತಲಿನ ವಿಕಿರಣ ಅದನ್ನು ಮತ್ತೆ ಕಾಯಿಸುತ್ತಲೇ ಇದೆ.

ಇನ್ನೊಂದು ಲೆಕ್ಕ ನನಗೆ ಬಹಳ ಇಷ್ಟವಾದದ್ದು. ಮೂರು ಸಾವಿರದಿಂದ ಮೂರಕ್ಕೆ ಇಳಿಯುವ ಹಾದಿಯಲ್ಲಿ ಹಿನ್ನೆಲೆ ವಿಕಿರಣ ಮುನ್ನೂರು ಕೆಲ್ವಿನ್ನನ್ನೂ ಹಾದುಬಂದಿರಲೇಬೇಕು. ವಿಶ್ವಕ್ಕೆ ಸುಮಾರು ಒಂದೂವರೆ ಕೋಟಿ ವರ್ಷವಾಗಿದ್ದಾಗ ಆಕಾಶದ ಪ್ರತಿ ದಿಕ್ಕೂ ಬೆಂಗಳೂರಿನ ಹಿತವಾದ ಮಧ್ಯಾಹ್ನದಷ್ಟೇ, ಅಂದರೆ 25 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ, ಬೆಚ್ಚಗಿತ್ತು.

ಈ ತಾಪಮಾನ ಮೊದಲು ಅಳತೆಗೆ ಸಿಕ್ಕಿದ್ದು ಯಾವಾಗ ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳು 1965 ಎನ್ನುತ್ತವೆ. ಆದರೆ ಸಂಖ್ಯೆ ಅದಕ್ಕೂ ಕಾಲು ಶತಮಾನ ಮೊದಲೇ ಕಾಗದದ ಮೇಲೆ ಬಂದಿತ್ತು. ಉರಗಧರ ಪುಂಜದ ಒಂದು ನಕ್ಷತ್ರದ ಬೆಳಕು ನಮ್ಮತ್ತ ಬರುವ ದಾರಿಯಲ್ಲಿ ಅನಿಲದ ಮೋಡವನ್ನು ಹಾದುಬರುತ್ತದೆ. ಅಲ್ಲಿ ಇಂಗಾಲ ಮತ್ತು ಸಾರಜನಕದ ಒಂದೊಂದು ಪರಮಾಣು ಸೇರಿದ ಸಯನೋಜೆನ್ ಅಣುಗಳಿವೆ. ಅವುಗಳಲ್ಲಿ ಹೆಚ್ಚಿನವು ಸುಮ್ಮನಿದ್ದರೆ ಕೆಲವು ಮಾತ್ರ ಒಂದು ಮೆಟ್ಟಿಲು ಮೇಲಿನ ವೇಗದಲ್ಲಿ ತಿರುಗುತ್ತಿರುವುದು ರೋಹಿತದ ಗೆರೆಗಳಿಂದ ಕಂಡುಬಂತು. ಸುಮ್ಮನಿರುವವು ಎಷ್ಟು, ತಿರುಗುವವು ಎಷ್ಟು ಎಂಬ ಪ್ರಮಾಣ ತಾಪಮಾನವನ್ನು ಹೇಳುತ್ತದೆ. ಕೆನಡಾದ ಆಂಡ್ರ್ಯೂ ಮೆಕೆಲ್ಲರ್ 1941ರಲ್ಲಿ ಲೆಕ್ಕ ಹಾಕಿದಾಗ ಬಂದದ್ದು 2.3 ಕೆಲ್ವಿನ್. ಮುಂದೆ ನೊಬೆಲ್ ಪಡೆದ ಗೆರ್ಹಾರ್ಡ್ ಹೆರ್ಜ್‌ಬರ್ಗ್ 1950ರಲ್ಲಿ ತಮ್ಮ ಗ್ರಂಥದಲ್ಲಿ ಇದನ್ನು ನಮೂದಿಸಿ, ಈ ತಾಪಮಾನಕ್ಕೆ ತೀರ ಸೀಮಿತ ಅರ್ಥವಷ್ಟೇ ಉಂಟು ಎಂಬ ಭಾವದ ಮಾತನ್ನು ಸೇರಿಸಿದರು. ಅದನ್ನು ಓದಿ ಇಂದು ನಗುವುದು ಸುಲಭ. ಒಂದು ಮೋಡದ ಅಣು ಇಡೀ ವಿಶ್ವದ ವರದಿ ಹೇಳುತ್ತಿದೆ ಎಂದು ಊಹಿಸಲು ಅಂದು ಯಾರಿಗೂ ಕಾರಣವಿರಲಿಲ್ಲ.

ಊಹಿಸಬಹುದಾಗಿದ್ದವರು ಬೇರೆ ಕಡೆ ಇದ್ದರು. ಜಾರ್ಜ್ ಗ್ಯಾಮೋವ್ ಅವರ ಬಳಗದ ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್ 1948ರಲ್ಲೇ ಬಿಸಿ ಆರಂಭದ ವಿಶ್ವದಲ್ಲಿ ಇಂದು ಸುಮಾರು 5 ಕೆಲ್ವಿನ್ ಶಾಖ ಉಳಿದಿರಬೇಕೆಂದು ಪ್ರಕಟಿಸಿದ್ದರು. ರೇಡಿಯೋ ತಂತ್ರಜ್ಞರು ಅದನ್ನು ಹುಡುಕಲು ಹೋಗಲಿಲ್ಲ. ಪ್ರಿನ್ಸ್‌ಟನ್ನಿನ ರಾಬರ್ಟ್ ಡಿಕಿ 1946ರಲ್ಲೇ ತಾವೇ ರೂಪಿಸಿದ ಉಪಕರಣದಿಂದ ಆಕಾಶವನ್ನು ಅಳೆದು, ಅಲ್ಲಿ ವಿಕಿರಣವಿದ್ದರೂ ಅದು 20 ಕೆಲ್ವಿನ್‌ಗಿಂತ ಕಡಿಮೆ ಎಂದು ಬರೆದಿದ್ದರು. 1960ರ ದಶಕದಲ್ಲಿ ಅದೇ ವಿಕಿರಣದ ಬೇಟೆಗೆ ತಂಡ ಕಟ್ಟುವಾಗ ತಮ್ಮ ಹಳೆಯ ಅಳತೆಯೇ ಅವರಿಗೆ ಮರೆತುಹೋಗಿತ್ತು.

ಕೊನೆಗೆ ಅದು ಸಿಕ್ಕಿದ್ದು ಹುಡುಕದವರಿಗೆ. ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಬೆಲ್ ಪ್ರಯೋಗಾಲಯದವರು ಎಕೋ ಉಪಗ್ರಹದ ಸಂಕೇತ ಹಿಡಿಯಲೆಂದು ಕಹಳೆಯಾಕಾರದ ದೊಡ್ಡ ಆಂಟೆನಾ ಕಟ್ಟಿದ್ದರು. ಅದನ್ನು ಖಗೋಳ ವೀಕ್ಷಣೆಗೆ ಸಜ್ಜುಗೊಳಿಸುತ್ತಿದ್ದ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ 1964ರಲ್ಲಿ 7.35 ಸೆಂಟಿಮೀಟರ್ ತರಂಗಾಂತರದಲ್ಲಿ ಲೆಕ್ಕಕ್ಕೆ ಸಿಗದ ಸುಮಾರು 3.5 ಕೆಲ್ವಿನ್ ಹೆಚ್ಚುವರಿ ರೇಡಿಯೋ ಸದ್ದು ಕಾಡಿತು. ನ್ಯೂಯಾರ್ಕ್ ನಗರದತ್ತ ತಿರುಗಿಸಿದರೂ ಅಷ್ಟೇ, ಆಕಾಶಗಂಗೆಯತ್ತ ತಿರುಗಿಸಿದರೂ ಅಷ್ಟೇ, ಚಳಿಗಾಲದಲ್ಲೂ ಅಷ್ಟೇ, ಬೇಸಿಗೆಯಲ್ಲೂ ಅಷ್ಟೇ. ಕಹಳೆಯೊಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಹಿಡಿದು ದೂರಕ್ಕೆ ಸಾಗಿಸಿದರು. ಅವು ಮರಳಿ ಬಂದವು. ಹಿಕ್ಕೆಯನ್ನು ಬಳಿದು ತೆಗೆದರು, ಲೋಹದ ಜೋಡಣೆಗಳ ಮೇಲೆ ಪಟ್ಟಿ ಅಂಟಿಸಿದರು. ಸದ್ದು ಇಳಿಯಲಿಲ್ಲ. ಪಾರಿವಾಳದ ಪ್ರಸಂಗವನ್ನು ಎಲ್ಲರೂ ವಿನೋದವಾಗಿ ಹೇಳುತ್ತಾರೆ, ಆದರೆ ನಿಜವಾಗಿ ಮೆಚ್ಚಬೇಕಾದದ್ದು ಇವರು ತಮ್ಮ ಉಪಕರಣದ ಪ್ರತಿ ಭಾಗದ ಸದ್ದನ್ನೂ ಬಿಡಿಬಿಡಿಯಾಗಿ ಅಳೆದು, ದ್ರವ ಹೀಲಿಯಮ್ಮಿನಿಂದ ತಣಿಸಿದ ಮೂಲವೊಂದಕ್ಕೆ ಹೋಲಿಸಿ ನೋಡಿದ್ದನ್ನು. ಅಷ್ಟು ಶಿಸ್ತು ಇಲ್ಲದವರಾಗಿದ್ದರೆ ಮೂರೂವರೆ ಡಿಗ್ರಿಯನ್ನು ಉಪಕರಣದ ದೋಷದ ಖಾತೆಗೆ ಬರೆದು ಮುಂದೆ ಹೋಗಿರುತ್ತಿದ್ದರು. ಡಿಕಿ, ಜೇಮ್ಸ್ ಪೀಬಲ್ಸ್ ಮುಂತಾದವರ ತಂಡ ಹುಡುಕುತ್ತಿರುವುದು ಇದನ್ನೇ ಎಂದು ತಿಳಿದ ಮೇಲೆ ಎರಡೂ ತಂಡಗಳ ಪ್ರಬಂಧಗಳು 1965ರಲ್ಲಿ ಒಟ್ಟಿಗೇ ಪ್ರಕಟವಾದವು. ಪೆಂಜಿಯಾಸ್ ಮತ್ತು ವಿಲ್ಸನ್ ಅವರಿಗೆ 1978ರಲ್ಲಿ ನೊಬೆಲ್ ಬಂತು. ಪೀಬಲ್ಸ್ ಅವರಿಗೆ 2019ರಲ್ಲಿ.

ಒಂದು ತರಂಗಾಂತರದಲ್ಲಿ ಅಳೆದರೆ ಗುಡ್ಡದ ಒಂದು ಬಿಂದು ಸಿಕ್ಕಿತೆಂದಷ್ಟೇ ಅರ್ಥ. ಗುಡ್ಡದ ಪೂರ್ತಿ ಆಕಾರ ಕೃಷ್ಣಕಾಯದ್ದೇ ಎಂದು ತೋರಿಸದೆ ತಾಪಮಾನ ಎಂಬ ಪದವನ್ನು ಬಳಸುವ ಹಕ್ಕು ಬರುವುದಿಲ್ಲ, ಮತ್ತು ಭೂಮಿಯ ವಾತಾವರಣ ಅದಕ್ಕೆ ಅಡ್ಡಿ. 1989ರ ನವೆಂಬರ್ 18ರಂದು ಹಾರಿದ ಕೋಬೆ ಉಪಗ್ರಹ ತನ್ನೊಳಗೇ ಒಂದು ಕೃತಕ ಕೃಷ್ಣಕಾಯವನ್ನು ಹೊತ್ತೊಯ್ದು ಆಕಾಶವನ್ನು ಅದರ ಜೊತೆ ಹೋಲಿಸಿತು. ಕೆಲವೇ ನಿಮಿಷಗಳ ವೀಕ್ಷಣೆಯಿಂದ ಬಂದ ರೇಖೆಯನ್ನು 1990ರ ಜನವರಿಯಲ್ಲಿ ಜಾನ್ ಮಾಥರ್ ಪರದೆಯ ಮೇಲೆ ತೋರಿಸಿದಾಗ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು: ಬಿಂದುಗಳೆಲ್ಲ ಪ್ಲಾಂಕ್ ಸೂತ್ರದ ಗೆರೆಯ ಮೇಲೇ ಕೂತಿದ್ದವು. 2.725 ಎಂಬ ಸಂಖ್ಯೆಯ ಮೂಲ ಈ ಉಪಕರಣವೇ.

ದಿಕ್ಕಿನಿಂದ ದಿಕ್ಕಿಗೆ ಈ ತಾಪಮಾನ ತುಸು ಬದಲಾಗುತ್ತದೆ. ಸಿಂಹ ರಾಶಿಯ ಕಡೆಗೆ 3 ಮಿಲಿಕೆಲ್ವಿನ್‌ಗೂ ಸ್ವಲ್ಪ ಹೆಚ್ಚು ಬಿಸಿ, ಅದರ ಎದುರು ದಿಕ್ಕಿನಲ್ಲಿ ಅಷ್ಟೇ ತಂಪು; ಏಕೆಂದರೆ ಸೌರವ್ಯೂಹ ಈ ವಿಕಿರಣವನ್ನು ಸೀಳಿಕೊಂಡು ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಆ ಕಡೆ ಸಾಗುತ್ತಿದೆ. ಅದನ್ನು ಕಳೆದ ಮೇಲೂ ಲಕ್ಷದಲ್ಲೊಂದು ಪಾಲಿನ ಏರಿಳಿತ ಉಳಿಯುತ್ತದೆ ಎಂದು ಜಾರ್ಜ್ ಸ್ಮೂಟ್ ಅವರ ತಂಡ 1992ರಲ್ಲಿ ಪ್ರಕಟಿಸಿತು. ಗೆಲಾಕ್ಸಿಗಳ ಬೀಜ ಇದ್ದದ್ದು ಅಲ್ಲೇ. ಮಾಥರ್ ಮತ್ತು ಸ್ಮೂಟ್ 2006ರ ನೊಬೆಲ್ ಹಂಚಿಕೊಂಡರು; ಡಬ್ಲ್ಯುಮ್ಯಾಪ್ ಮತ್ತು ಪ್ಲಾಂಕ್ ನೌಕೆಗಳು ಆ ಏರಿಳಿತದಿಂದ ವಿಶ್ವದ ವಯಸ್ಸನ್ನು ಓದಿದ ಬಗೆ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ.

ತಣಿಯುತ್ತಿದೆ ಎಂಬ ಮಾತನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಬಹುದೇ? ಇಂದಿನ ಹಿಗ್ಗುವಿಕೆಯ ದರದಲ್ಲಿ ಹಿನ್ನೆಲೆ ವಿಕಿರಣ ಒಂದು ಕೆಲ್ವಿನ್ನಿನ ಹತ್ತು ಲಕ್ಷದಲ್ಲೊಂದು ಪಾಲು ಇಳಿಯಬೇಕಾದರೆ ಸುಮಾರು 5,000 ವರ್ಷ ಬೇಕು. ಸಿಂಧೂ ಕಣಿವೆಯ ನಗರಗಳು ಇನ್ನೂ ರೂಪುಗೊಳ್ಳುತ್ತಿದ್ದ ಕಾಲದಿಂದ ಈವರೆಗೆ ಆಗಿರುವ ಇಳಿಕೆ ಅಷ್ಟೇ. ಕಾದು ಕೂರುವ ಬದಲು ದೂರ ನೋಡಬೇಕು, ದೂರವೆಂದರೆ ಹಿಂದಿನ ಕಾಲ. ಪುಣೆಯ ಐಯುಕಾ ಸಂಸ್ಥೆಯ ಆರ್. ಶ್ರೀಆನಂದ್ ಮತ್ತು ಅವರ ಯುರೋಪಿನ ಸಹೋದ್ಯೋಗಿಗಳು ಮಾಡಿದ್ದು ಇದನ್ನೇ, ಮತ್ತು ವಿಧಾನ ಮೂಲತಃ ಮೆಕೆಲ್ಲರ್ ಅವರದ್ದೇ. ದೂರದ ಕ್ವೇಸಾರ್‌ನ, ಅಂದರೆ ಅತಿ ಪ್ರಖರವಾದ ಗೆಲಾಕ್ಸಿ ಕೇಂದ್ರದ, ಬೆಳಕು ದಾರಿಯಲ್ಲಿ ಹಾದುಬರುವ ಅನಿಲದ ಮೋಡವೊಂದರಲ್ಲಿ, ವಿಶ್ವ ಇಂದಿನದರ ಮೂರನೇ ಒಂದಕ್ಕಿಂತಲೂ ಕಿರಿದಾಗಿದ್ದ ಕಾಲದಲ್ಲಿ, ಕಾರ್ಬನ್ ಮೊನಾಕ್ಸೈಡ್ ಅಣುಗಳು ಹೇಗೆ ತಿರುಗುತ್ತಿದ್ದವು ಎಂದು ಚಿಲಿ ದೇಶದ ದೊಡ್ಡ ದೂರದರ್ಶಕದಿಂದ ಅವರು ಅಳೆದರು. 2008ರಲ್ಲಿ ಪ್ರಕಟವಾದ ಉತ್ತರ 9.15 ಕೆಲ್ವಿನ್, ಅದರಲ್ಲಿ 0.7 ಕೆಲ್ವಿನ್‌ನಷ್ಟು ಹೆಚ್ಚೋ ಕಡಿಮೆಯೋ ಇರಬಹುದು. ಸಿದ್ಧಾಂತ ಅಲ್ಲಿ ಇರಬೇಕೆಂದದ್ದು 9.3.

ಬೆಳಕಿನ ಲೆಕ್ಕ ಇಷ್ಟು ಚೊಕ್ಕವಾಗಿರುವಾಗ ವಸ್ತುವಿನ ತಾಪಮಾನವೇ ತಕರಾರಿನದು. ಪರಮಾಣುಗಳು ರೂಪುಗೊಂಡ ಮೇಲೆ ಕೆಲಕಾಲ ಅನಿಲವೂ ಬೆಳಕೂ ಒಂದೇ ಶಾಖದಲ್ಲಿದ್ದವು, ಆಮೇಲೆ ನಂಟು ಕಡಿದು ಅನಿಲ ಹೆಚ್ಚು ಬೇಗ ತಣಿಯತೊಡಗಿತು. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಹೊತ್ತಿಗೆ, ಸುಮಾರು 18 ಕೋಟಿ ವರ್ಷದ ವಿಶ್ವದಲ್ಲಿ, ವಿಕಿರಣ 50 ಕೆಲ್ವಿನ್ ಸುಮಾರಿಗಿದ್ದರೆ ಅನಿಲ ಹತ್ತಕ್ಕಿಂತ ಕೆಳಗೆ ಇಳಿದಿರಬೇಕು. ತಣ್ಣನೆಯ ಅನಿಲ ಹಿನ್ನೆಲೆ ವಿಕಿರಣವನ್ನು ಹೀರಿದ ಗುರುತು ಹೈಡ್ರೋಜನ್ನಿನ ರೇಡಿಯೋ ಗೆರೆಯಲ್ಲಿ ಉಳಿದಿರಬೇಕು. ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ ಎಡ್ಜಸ್ ಆಂಟೆನಾ ಆ ಗುರುತು 78 ಮೆಗಾಹರ್ಟ್ಸ್ ಬಳಿ ಸಿಕ್ಕಿತೆಂದು 2018ರಲ್ಲಿ ಸಾರಿತು, ಆದರೆ ಅದು ಲೆಕ್ಕಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿ ಆಳವಾಗಿತ್ತು. ಒಂದೋ ಅನಿಲ ಯಾರೂ ಊಹಿಸದಷ್ಟು ತಣ್ಣಗಿತ್ತು, ಇಲ್ಲವೇ ಹಿನ್ನೆಲೆಯಲ್ಲಿ ನಮಗೆ ಗೊತ್ತಿಲ್ಲದ ಇನ್ನೊಂದು ವಿಕಿರಣವಿತ್ತು, ಇಲ್ಲವೇ ಅಳತೆ ತಪ್ಪಿತ್ತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಇದನ್ನು ಪರೀಕ್ಷಿಸಲು ತಮ್ಮ ಸಾರಸ್ ಆಂಟೆನಾವನ್ನು ನೀರಿನ ಮೇಲೆ ತೇಲಿಬಿಟ್ಟರು. ನೆಲದ ಮೇಲೆ ಇಟ್ಟರೆ ಅಡಿಯ ಮಣ್ಣು, ಬಂಡೆ, ತೇವದ ಪದರಗಳು ಸಂಕೇತವನ್ನು ಒಂದೊಂದು ತರಂಗಾಂತರದಲ್ಲಿ ಒಂದೊಂದು ರೀತಿ ಕದಡುತ್ತವೆ. ನೀರು ಒಂದೇ ಹದದ್ದು. 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೆಪ್ಪದ ಮೇಲೆ ಕೂತು ಆಕಾಶವನ್ನು ಆಲಿಸಿದ ಆ ಆಂಟೆನಾಕ್ಕೆ ಎಡ್ಜಸ್ ವರದಿ ಮಾಡಿದ ತಗ್ಗು ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಫಲಿತಾಂಶ ಆ ಸಂಕೇತವನ್ನು ಶೇಕಡಾ 95.3ರಷ್ಟು ವಿಶ್ವಾಸದೊಂದಿಗೆ ತಳ್ಳಿಹಾಕಿತು. ಮೊದಲ ನಕ್ಷತ್ರಗಳ ಸುತ್ತಲಿದ್ದ ಅನಿಲ ನಿಜವಾಗಿ ಎಷ್ಟು ತಣ್ಣಗಿತ್ತು ಎಂಬುದಕ್ಕೆ, 2.725ರಂತೆ ಎಲ್ಲರೂ ಒಪ್ಪಿದ ಸಂಖ್ಯೆ ಇನ್ನೂ ಇಲ್ಲ.